ಚಾಚಾ ಬರೆದಿಟ್ಟ ಸಾಲು

ಟ್ರಂಕಿನ ತಳದಲ್ಲಿ, ಪದವಿ ಪ್ರಮಾಣಪತ್ರದ ಕೆಳಗೆ, ಆ ಕಪ್ಪು ಫ್ಲಾಪಿ ಸಿಕ್ಕಿತು. ಅದರ ಲಕೋಟೆಗೆ ಇನ್ನೂ ಅತ್ತರಿನ ವಾಸನೆ ಇದ್ದಂತೆನಿಸಿತು... ಭ್ರಮೆಯೇ ಇರಬೇಕು.

ಎಂಬತ್ತರ ದಶಕದ ಕೊನೆ. ಹರಿಹರದ ಕಾರ್ಖಾನೆಯೊಂದರ ದುರಸ್ತಿ ವಿಭಾಗದಲ್ಲಿ ಒಂದೇ ಕಂಪ್ಯೂಟರ್. ಅದನ್ನು ನೋಡಿಕೊಳ್ಳುತ್ತಿದ್ದವರು ಎಲ್ಲರಿಗೂ ಚಾಚಾ. ಮೊದಲು ದಾವಣಗೆರೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದವರು. ನಾನು ಹೊಸ ಇಂಜಿನಿಯರ್. ಬೆಳಗಿನ ಬಸ್ಸಿನಲ್ಲಿ ಅತ್ತರು ಹಚ್ಚಿದ ಕರ್ಚೀಫು ಹಾಕಿ ನನಗೂ ಸೀಟು ಹಿಡಿಯುತ್ತಿದ್ದರು.

ಕಂಪ್ಯೂಟರ್ ಆನ್ ಆದೊಡನೆ ತಾನಾಗಿ ಓಡುವ ಫೈಲೊಂದಿರುತ್ತದೆ. ಚಾಚಾ ಅದನ್ನು ತಮಗೆ ಬೇಕಾದಂತೆ ತಿದ್ದಿಕೊಂಡಿದ್ದರು. ದುರಸ್ತಿಗೆ ಯಾವ ಯಂತ್ರ ಬಿಚ್ಚಿದೆ ಎಂದು ಫಿಟ್ಟರುಗಳು ಸಂಜೆ ಹೇಳಿದ್ದನ್ನು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಅದಕ್ಕೆ ಸೇರಿಸುವರು. ಬೆಳಿಗ್ಗೆ ಪರದೆಯ ಮೇಲೆ ಆ ಸಾಲು ಬಂದರೆ, ಆ ಯಂತ್ರಕ್ಕೆ ಕರೆಂಟು ಕೊಡಿ ಎಂಬ ಚೀಟಿಯನ್ನು ಚಾಚಾ ಕಳಿಸುತ್ತಿರಲಿಲ್ಲ.

"ಇದೇನ್ ಚಾಚಾ, ಕಂಪ್ಯೂಟರನ್ನ ಸಂತೆ ಚೀಟಿ ಮಾಡಿಟ್ಟೀರಿ" ಎಂದಿದ್ದೆ.

"ನನ್ ತಲಿ ಮರಿತೈತೆ ಸಾಹೇಬ್ರ, ಇದು ಮರಿಯಂಗಿಲ್ಲ. ನೀವು ಓದಿದೋರು, ನಿಮಗ ಬ್ಯಾಡ ಬಿಡ್ರಿ."

ಒಮ್ಮೆ ಮೇಲಧಿಕಾರಿಗಳು ಬರುವವರಿದ್ದರು. ಹಿಂದಿನ ಸಂಜೆ ಚಾಚಾ ಹೊರಟ ಮೇಲೆ, ಅವರ ಫೈಲನ್ನು ಈ ಫ್ಲಾಪಿಗೆ ನಕಲು ಮಾಡಿಕೊಂಡು, ಅಚ್ಚುಕಟ್ಟಾದ ನನ್ನದನ್ನು ಅದರ ಜಾಗಕ್ಕೆ ಹಾಕಿದೆ. ಅವರು ಬರೆದದ್ದನ್ನು ಓದಲೂ ಇಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ಬಸ್ಸು ತಪ್ಪಿತು.

ಪರದೆಯ ಮೇಲೆ ಯಾವ ಸಾಲೂ ಬಂದಿರಲಿಲ್ಲ; ನಾನು ತಲುಪುವಷ್ಟರಲ್ಲಿ ಚಾಚಾರ ಚೀಟಿ ಹೋಗಿಯಾಗಿತ್ತು. ಎರಡನೇ ಮಿಕ್ಸರಿನೊಳಗೆ ಫಿಟ್ಟರೊಬ್ಬ ಸೊಂಟದವರೆಗೆ ಬಗ್ಗಿದ್ದ. ಅಲಗು ಗರಕ್ಕನೆ ತಿರುಗಿತು. ಜೊತೆಗಾರ ಬೆಲ್ಟು ಹಿಡಿದು ಅವನನ್ನು ಎಳೆದುಕೊಂಡ. ಹೆಗಲ ಮೇಲಿನ ಟವೆಲ್ಲು ಮಾತ್ರ ಒಳಗೆ ಹೋಯಿತು... ಅದು ಹರಿದ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ವಿಚಾರಣೆಯ ಕೋಣೆಯ ಹೊರಗೆ ಚಾಚಾ ಮೆಲ್ಲಗೆ ಕೇಳಿದರು, "ನಾ ಬರ್ದಿದ್ದೆ ಅನ್ಸುತ್ತ... ನೀವೇನಾರ ನೋಡಿದ್ರೇನ್ರಿ?"

ಫ್ಲಾಪಿ ನನ್ನ ಚೀಲದಲ್ಲಿತ್ತು. "ಇಲ್ಲ ಚಾಚಾ" ಎಂದೆ.

"ಹಂಗಾರ ಮರ್ತಿರಬೇಕು. ವಯಸ್ಸಾತು ನೋಡ್ರಿ." ಒಳಗೆ ಹೋಗಿ ಅದನ್ನೇ ಹೇಳಿದರು.

ಅವರನ್ನು ಗೇಟಿನಲ್ಲಿ ಬಂದುಹೋಗುವವರ ಹೆಸರು ಬರೆಯಲು ಹಾಕಿದರು. ಆಮೇಲೂ ಬಸ್ಸಿನಲ್ಲಿ ನನಗೆ ಸೀಟು ಹಿಡಿಯುತ್ತಿದ್ದರಂತೆ. ನಾನೇ ಅದರ ನಂತರದ ಬಸ್ಸಿಗೆ ಹೋಗತೊಡಗಿದೆ.

ಚಾಚಾ ತೀರಿಹೋಗಿ ಬಹಳ ವರ್ಷವಾಯಿತು. ಈ ಫ್ಲಾಪಿ ಓದುವ ಯಂತ್ರವೂ ಈಗ ಸಿಗದು. ಬೇಕಾಗಿಯೂ ಇಲ್ಲ. ವಿಚಾರಣೆ ಮುಗಿದ ಮೇಲೆ ಒಮ್ಮೆ ತೆರೆದು ನೋಡಿದ್ದೆ. ಕೊನೆಯ ಸಾಲು ಅಲ್ಲೇ ಇತ್ತು: ಎರಡನೇ ಮಿಕ್ಸರ್ ಬಿಚ್ಚೈತೆ, ಒಳಗ ಮನುಷ್ಯ ಇರ್ತಾನ.