ಅಕ್ಕನಿಗೆ ಗೊತ್ತಾಗದ ಹಾಗೆ

ಬಂದರಿನಲ್ಲಿ ವಿಮೆ ಏಜೆನ್ಸಿಯ ಬೋರ್ಡು ಹಾಕಿದ ಹೊಸತರಲ್ಲಿ ಸಾವಿನ ಮಾತೆತ್ತಿದರೆ ಜನ ಬೈದು ಓಡಿಸುತ್ತಿದ್ದರು. ಅದಕ್ಕೆ ನಾನು ಹೆದರಿದವನಲ್ಲ. ಹೆದರಿದ್ದು ಒಬ್ಬ ಹೆಂಗಸಿಗೆ.

ಆಗ ನಮ್ಮಲ್ಲಿ ಅಳಿಯಸಂತಾನ. ಗಂಡಸು ಸತ್ತರೆ ಅವನದ್ದೆಲ್ಲ ಅಕ್ಕತಂಗಿಯರ ಮಕ್ಕಳಿಗೆ, ಹೆಂಡತಿಗೆ ಏನೂ ಇಲ್ಲ. ನನ್ನ ಮೊದಲ ಗಿರಾಕಿ, ಹಂಚಿನ ವ್ಯಾಪಾರಿ ಶೀನಪ್ಪಣ್ಣ, ಗುಟ್ಟಾಗಿ ಹೆಂಡತಿಯ ಹೆಸರಿಗೆ ಪಾಲಿಸಿ ಮಾಡಿಸಿದ್ದರು. "ಅಕ್ಕನಿಗೆ ಗೊತ್ತಾದರೆ ನಿಮ್ಮನ್ನೂ ಬಿಡ್ಲಿಕ್ಕಿಲ್ಲ" ಎಂದಿದ್ದರು.

ವಾರದೊಳಗೆ ಆ ಅಕ್ಕನೇ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದು ಬಾಗಿಲು ಮುಚ್ಚಿದರು.

"ತಮ್ಮನ ಪಾಲಿಸಿ ಯಾರ ಹೆಸರಿನಲ್ಲಿ ಉಂಟು?"

"ಅದು ಹೇಳುವ ಹಾಗಿಲ್ಲ ಅಕ್ಕ."

"ಹೆಂಡತಿ ಹೆಸರಿನಲ್ಲಿ. ನಂಗೆ ಗೊತ್ತುಂಟು."

ಕಿಟಕಿಯಿಂದ ಹಾರಿದರೆ ಹೊಳೆ, ನನಗೆ ಈಜು ಬರುವುದಿಲ್ಲ.

ಅವರು ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. "ನನ್ನ ಗಂಡನದ್ದೂ ಒಂದು ಹಾಗೆಯೇ ಮಾಡಿ ಕೊಡಿ. ನನ್ನ ಹೆಸರಿಗೆ."

ಬದುಕಿದೆ ಎಂದು ಉಸಿರು ಬಿಟ್ಟೆ.

"ಆದರೆ ಜಾಗ್ರತೆ ಮಾರಾಯ್ರೆ," ಬಾಗಿಲು ತೆರೆಯುತ್ತಾ ಅವರು ಹೇಳಿದರು, "ಉರ್ವದಲ್ಲಿ ನನ್ನ ಗಂಡನ ಅಕ್ಕ ಇದ್ದಾರೆ. ಅವರು ನನ್ನ ಹಾಗೆ ಪಾಪದವರಲ್ಲ."