ಕಳ್ಳಮುಖದ ಹಾಲಸ್ವಾಮಿ

ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಲಾಡ್ಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ರೂಮು ನೋಡಿಕೊಂಡಿರುವ ಹಾಲಸ್ವಾಮಿ ಜೀವಮಾನದಲ್ಲಿ ಕದ್ದದ್ದು ಒಂದೇ ಸಲ. ಕಳ್ಳನೆಂದು ಸಿಕ್ಕಿಬಿದ್ದದ್ದು ಎಷ್ಟು ಸಲ ಎಂಬುದು ಅವನಿಗೂ ನೆನಪಿಲ್ಲ.

ತಪ್ಪು ಅವನ ಕಿವಿಗಳದ್ದು. ಏನೋ ಕಾಣಿಸುತ್ತಿಲ್ಲ ಎಂದು ಯಾರಾದರೂ ದನಿ ಎತ್ತಿದರೆ ಸಾಕು, ಅವು ಕೆಂಪಗಾಗಿಬಿಡುತ್ತವೆ. ಆಮೇಲೆ ಮೇಲ್ತುಟಿಯಲ್ಲಿ ಬೆವರು. ಕಣ್ಣು ನೆಲ ನೋಡುತ್ತದೆ; ನೆಲ ನೋಡಿದರೆ ಅನುಮಾನ ಬಂದೀತೆಂದು ಗಡಬಡಿಸಿ ಚಾವಣಿ ನೋಡುತ್ತದೆ. ಅಷ್ಟರೊಳಗೆ ಕೋಣೆಯಲ್ಲಿದ್ದವರೆಲ್ಲ ಅವನನ್ನು ನೋಡುತ್ತಿರುತ್ತಾರೆ.

ಮೊದಲ ಸಲ ಹೀಗಾದದ್ದು ಕಂಪ್ಲಿಯಲ್ಲಿ, ಐದನೇ ಕ್ಲಾಸಿನಲ್ಲಿದ್ದಾಗ. ಹೆಡ್‌ಮಾಸ್ತರರ ಕೊಡೆ ಕಳೆದಿತ್ತು. ಅವರು ಸಾಲಾಗಿ ಒಬ್ಬೊಬ್ಬರ ಮುಖ ನೋಡುತ್ತ ಬಂದು ಹಾಲಸ್ವಾಮಿಯ ಮುಂದೆ ನಿಂತರು, ಮುಂದಕ್ಕೆ ಹೋಗಲೇ ಇಲ್ಲ. ಎಂಟು ಏಟು ಬಿದ್ದವು. ಕೊಡೆ ಆಮೇಲೆ ಹೆಡ್‌ಮಾಸ್ತರರ ಮಾವನ ಮನೆಯಲ್ಲಿ ಸಿಕ್ಕಿತು. ಏಟುಗಳನ್ನು ವಾಪಸು ಪಡೆಯುವ ಪದ್ಧತಿ ಆ ಶಾಲೆಯಲ್ಲಿ ಇರಲಿಲ್ಲ.

ಮದುವೆಯೂ ಇದರಿಂದಲೇ ತಪ್ಪಿಹೋಗುವುದರಲ್ಲಿತ್ತು. ಸಂಡೂರಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ, "ಕುಡಿಯೋದು, ಆಡೋದು ಏನಾರ ಐತೇನಪಾ?" ಎಂದು ಕೇಳಿದರು. "ಇಲ್ರಿ" ಎಂದ ಹಾಲಸ್ವಾಮಿ. ಆ ಎರಡಕ್ಷರ ಹೇಳಲು ಅವನು ಪಟ್ಟ ಪಾಡು ನೋಡಿ ಅವರು ಅವಲಕ್ಕಿಯ ತಟ್ಟೆಯನ್ನು ಅರ್ಧಕ್ಕೇ ಒಳಗೆ ಕಳಿಸುವ ಯೋಚನೆಯಲ್ಲಿದ್ದರು. ಹುಡುಗಿ ಸುವರ್ಣಮ್ಮನೇ ಅಪ್ಪನನ್ನು ಅಡುಗೆಮನೆಗೆ ಕರೆದು, "ಸುಳ್ಳು ಹೇಳೋರು ಇಷ್ಟು ಕೆಟ್ಟ ಹೇಳಂಗಿಲ್ಲ ಬಿಡಪ್ಪ. ಈತ ನಡೀತಾನ" ಎಂದಳು.

ಇಂಥವನು ಕೆಲಸಕ್ಕೆ ಸೇರಿದ್ದು ಲಾಡ್ಜಿಗೆ. ಚಾರ್ಜರು, ಕನ್ನಡಕ, ಕೂದಲಿನ ಕ್ಲಿಪ್ಪು, ಹಲ್ಲಿನ ಸೆಟ್ಟು, ದಿನಕ್ಕೊಂದು ಕಾಣೆಯಾಗುವ ಜಾಗ. ಹಂಪಿ ನೋಡಲು ಬಂದ ಗುತ್ತಿಗೆದಾರರೊಬ್ಬರ ಕೈಗಡಿಯಾರ ಕಳೆದಾಗ ಹಾಲಸ್ವಾಮಿ ಕಷ್ಟ ತಾಳಲಾರದೆ, "ಸಾರ್, ನಾನಾ ಎಲ್ಲ್ಯಾರ ಇಟ್ಟಿರಬೌದೇನೋ, ನನ್ನ ಚೀಲ ನೋಡಿಬಿಡ್ರಿ" ಎಂದುಬಿಟ್ಟ. ಗಡಿಯಾರ ಗುತ್ತಿಗೆದಾರರ ಬೂಟಿನೊಳಗಿತ್ತು. ಅಲ್ಲಿಂದ ಅದು ರೂಢಿಯೇ ಆಯಿತು. ಏನು ಕಳೆದರೂ ಹಾಲಸ್ವಾಮಿ ಮೊದಲು ಒಪ್ಪಿಕೊಳ್ಳುವನು, ಆಮೇಲೆ ವಸ್ತು ಸಿಗುವುದು. ಮಾಲೀಕ ಶ್ರೀಪತಿರಾಯರಿಗೆ ಇದೊಂದು ಅನುಕೂಲವೇ ಆಗಿತ್ತು. "ಹಾಲಸ್ವಾಮಿ ಒಪ್ಕೊಂಡನೇನು? ಹಂಗಾದ್ರ ರೂಮಿನಾಗ ಐತಿ, ಹುಡುಕ್ರಿ" ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಲಾಡ್ಜಿನ ದೊಡ್ಡ ಹಾಲ್‌ನಲ್ಲಿ ಸೆಕ್ಯುರಿಟಿ ಗಾರ್ಡುಗಳಿಗೆ ಒಂದು ದಿನದ ತರಬೇತಿ ನಡೆಯಿತು. ಅಪರಾಧಿಗಳ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಲು ಕಾಲೇಜೊಂದರ ಮನಶ್ಶಾಸ್ತ್ರದ ಮೇಡಂ ವಂದನಾ ಬಂದಿದ್ದರು. ಅವರು ಒಂದು ಆಟ ಆಡಿಸಿದರು. ಐವರನ್ನು ಹೊರಗೆ ಕಳಿಸಿ, ಒಬ್ಬನ ಜೇಬಿನಲ್ಲಿ ಉಂಗುರ ಇಡಿಸಿ, ಒಳಗೆ ಕರೆದು ಗೋಡೆಗೆ ನಿಲ್ಲಿಸಿದರು. "ಉಂಗುರ ಯಾರ ಹತ್ರ ಅದ, ಮುಖ ನೋಡಿ ಹೇಳ್ರಿ" ಎಂದರು. ಅದೇ ಹೊತ್ತಿಗೆ ಹಾಲಸ್ವಾಮಿ ಚಹಾದ ಟ್ರೇ ಹಿಡಿದು ಒಳಗೆ ಬಂದ. ಬಂದವನಿಗೆ ಉಂಗುರ ಎಂಬ ಮಾತೊಂದು ಕಿವಿಗೆ ಬಿತ್ತು. ಲೋಟಗಳು ಗಲಗಲ ಅನ್ನತೊಡಗಿದವು. ನಲವತ್ತು ಗಾರ್ಡುಗಳಲ್ಲಿ ಮೂವತ್ತು ಮಂದಿ ಅವನತ್ತ ಬೆರಳು ತೋರಿಸಿದರು.

"ಅವರು ಆಟದಾಗ ಇಲ್ಲಾ ಇಲ್ಲ" ಎಂದು ಮೇಡಂ ನಕ್ಕರು. ಆದರೆ ಅಂದು ಅವರು ಬರೆದುಕೊಂಡು ಬಂದ ಪಾಠವನ್ನು ಬದಿಗಿಟ್ಟು ಹಾಲಸ್ವಾಮಿಯನ್ನೇ ಕುರ್ಚಿ ಹಾಕಿ ಕೂಡಿಸಿದರು. "ಕದ್ದವನ ಭಯ, ಕದ್ದಾನ ಅಂತ ಜನ ಅನ್ಕೊಂಡಾರು ಅನ್ನೋನ ಭಯ, ಮೈಗೆ ಎರಡೂ ಒಂದೇ. ಎದಿ ಅಷ್ಟೇ ಹೊಡ್ಕೋತದ, ಬೆವರು ಅಷ್ಟೇ ಬರ್ತದ. ರೂಢಿ ಬಿದ್ದ ಕಳ್ಳ ತಣ್ಣಗಿರ್ತಾನ. ಯಾಕಂದ್ರ ಕದಿಯೋದಕ್ಕಿಂತ ಮೊದಲಾ ಅವನ ಮನಸ್ಸು ಒಂದು ಕಾರಣ ಹುಡುಕಿ ಇಟ್ಕೊಂಡಿರ್ತದ. ಅವರೇನು ಶ್ರೀಮಂತರು, ಇದು ನನಗ ಬರಬೇಕಾದ್ದು, ಹಂಗ. ಮುಖ ನೋಡಿ ಕಳ್ಳನ್ನ ಹಿಡೀತೀನಿ ಅನ್ನೋದು ಬಿಡ್ರಿ."

"ಮೇಡಂ, ಇದಕ್ಕ ಗುಳಿಗಿ ಏನಾರ ಐತೇನ್ರಿ?" ಎಂದು ಹಾಲಸ್ವಾಮಿ ಕೇಳಿದ.

"ಭಾಳ ತ್ರಾಸ ಆದ್ರ ಡಾಕ್ಟರ್‌ನ ಕಾಣ್ರಿ. ಆದ್ರ ನಿಮ್ಮಲ್ಲಿ ತಪ್ಪೇನಿಲ್ಲ."

ಆ ಕೊನೆಯ ಮಾತನ್ನು ಅವನು ಸುವರ್ಣಮ್ಮನಿಗೆ ಒಂದು ತಿಂಗಳು ಹೇಳಿದ. ಅವಳು, "ನಾನು ಹೇಳಿದ್ರ ಆಗಲಿಲ್ಲ, ಮೇಡಂ ಬರಬೇಕಾತು" ಎಂದು ರೊಟ್ಟಿ ಬಡಿದಳು.

ಕಳೆದ ವರ್ಷ ರಿಸೆಪ್ಷನ್ನಿಗೆ ಕಾವ್ಯ ಎಂಬ ಹುಡುಗಿ ಸೇರಿದಳು. ಕುರೆಕುಪ್ಪದವಳು, ಬಿಕಾಂ ಆಗಿತ್ತು. ಸೇರುವಾಗಲೇ ಶ್ರೀಪತಿರಾಯರು ಅವಳ ಮಾರ್ಕ್ಸ್‌ಕಾರ್ಡುಗಳ ಮೂಲಪ್ರತಿ ಇಸಿದುಕೊಂಡು ತಮ್ಮ ಕೋಣೆಯ ಡ್ರಾಯರಿನಲ್ಲಿಟ್ಟಿದ್ದರು. ಕಲಿತ ಮೇಲೆ ಹುಡುಗರು ಹಾರಿಹೋಗುತ್ತಾರೆ, ಎರಡು ವರ್ಷ ಇರಲಿ ಎಂದು. ಎಂಟು ತಿಂಗಳಾಗುವಷ್ಟರಲ್ಲಿ ಅವಳಿಗೆ ತನ್ನ ಊರಿನ ಹತ್ತಿರವೇ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಗುರುವಾರ ಮೂಲಪ್ರತಿ ತೋರಿಸಬೇಕು. ಅವಳು ಮೂರು ಸಲ ಕೇಳಿದಳು. ರಾಯರು ಮೂರು ಸಲವೂ, "ನೋಡೋಣಮ್ಮ" ಎಂದರು. ಬುಧವಾರ ಬೆಳಿಗ್ಗೆ ಅವಳು ಲೆಡ್ಜರಿನ ಮೇಲೆ ತಲೆ ಬಗ್ಗಿಸಿ ಅಳುತ್ತಿದ್ದುದನ್ನು ಹಾಲಸ್ವಾಮಿ ನೋಡಿದ.

ಮಧ್ಯಾಹ್ನ ರಾಯರು ಊಟಕ್ಕೆ ಹೋದರು. ದಿನಾ ಮೇಜು ಒರೆಸುವವನಿಗೆ ಕೀಲಿ ಎಲ್ಲಿರುತ್ತದೆಂದು ಗೊತ್ತಿತ್ತು. ಕ್ಯಾಲೆಂಡರಿನ ಹಿಂದೆ ಮೊಳೆಗೆ ನೇತುಹಾಕಿದ್ದರು. ಡ್ರಾಯರು ತೆಗೆದ, ಮಾರ್ಕ್ಸ್‌ಕಾರ್ಡುಗಳಿದ್ದ ನೀಲಿ ಫೈಲು ತೆಗೆದ, ತೊಳೆಯಲು ಕೊಡುವ ಚಾದರದಲ್ಲಿ ಸುತ್ತಿ ತಂದು ಕಾವ್ಯಳ ಮುಂದಿಟ್ಟ. "ಜಲ್ದಿ ನಡಿಯವ್ವ, ಎರಡರ ಬಸ್ಸು ಐತಿ" ಎಂದ. ಅವಳು ಏನೋ ಕೇಳಲು ಬಾಯಿ ತೆರೆದಳು. ಅವನು ಆಗಲೇ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತುತ್ತಿದ್ದ.

ಸಂಜೆ ಕಾವ್ಯಳೂ ಇಲ್ಲ, ಫೈಲೂ ಇಲ್ಲ ಎಂದು ಕಂಡ ರಾಯರು ಉಳಿದವರನ್ನೆಲ್ಲ ಕೌಂಟರಿನ ಮುಂದೆ ಕರೆದರು. "ಕೀಲಿ ಎಲ್ಲಿರತೈತಂತ ಆಕಿಗೆ ಗೊತ್ತಿಲ್ಲ. ಡ್ರಾಯರಿನಾಗ ಇದ್ದ ಫೈಲು ಯಾರು ತಗೊಂಡ್ರಿ?"

ಹಾಲಸ್ವಾಮಿ ಕಾದ. ಕಿವಿ ಬಿಸಿಯಾಗಲಿಲ್ಲ. ಮೇಲ್ತುಟಿ ಮುಟ್ಟಿ ನೋಡಿಕೊಂಡ, ಒಣಗಿತ್ತು. "ನನಗ ಗೊತ್ತಿಲ್ರಿ" ಎಂದ. ಮಾತು ಎಣ್ಣೆ ಹಚ್ಚಿದ ಹಾಗೆ ಜಾರಿ ಬಂತು. ರಾಯರು ಅವನನ್ನು ಅರೆಗಳಿಗೆ ನೋಡಿ ಮುಂದಕ್ಕೆ ಹೋದರು. ಐವತ್ತೆರಡು ವರ್ಷದಲ್ಲಿ ಯಾರೂ ಅವನನ್ನು ದಾಟಿ ಮುಂದಕ್ಕೆ ಹೋಗಿರಲಿಲ್ಲ. ಅವನಿಗೆ ಒಳಗೊಳಗೇ ಖುಷಿಯಾಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಮುಂದೆ ನಿಂತಿದ್ದವನು ವಾಚ್‌ಮನ್ ಯಲ್ಲೇಶ್. ಕಾವ್ಯಳನ್ನು ಬಿಟ್ಟರೆ ಮಧ್ಯಾಹ್ನ ಕೌಂಟರಿನ ಹತ್ತಿರ ಕೂತಿದ್ದವನು ಅವನೊಬ್ಬನೇ. "ನೀನಾ ಇದ್ದೆಲ್ಲ ಇಲ್ಲಿ?" ಎಂದು ರಾಯರು ಕೇಳಿದ್ದೇ ತಡ, ಯಲ್ಲೇಶನ ಕಿವಿ ಕೆಂಪಗಾಯಿತು, ಕಣ್ಣು ನೆಲಕ್ಕಿಳಿಯಿತು, ಅಲ್ಲಿಂದ ಚಾವಣಿಗೆ ಏರಿತು. ಹಾಲಸ್ವಾಮಿಗೆ ಆ ದಾರಿ ಹೆಜ್ಜೆಹೆಜ್ಜೆಗೂ ಗೊತ್ತಿತ್ತು. ಖುಷಿ ಅಲ್ಲೇ ಇಳಿದುಹೋಯಿತು.

"ಸಾರ್, ಆತನ್ನ ಬಿಡ್ರಿ. ಫೈಲು ನಾನು ತಗೊಂಡಿದ್ದು."

ರಾಯರು ತಿರುಗಿಯೂ ನೋಡಲಿಲ್ಲ. "ಶುರು ಆತು ನಿಂದು. ಹೋಗಿ ಹದಿನಾಲ್ಕನೇ ರೂಮಿಗೆ ನೀರು ಕೊಡು."

"ಖರೇನಾ ತಗೊಂಡೀನ್ರಿ."

"ಹಾಲಸ್ವಾಮಿ, ನೀನು ಹಲ್ಲಿನ ಸೆಟ್ಟೂ ತಗೊಂಡೀನಿ ಅಂದಿದ್ದಿ. ಸುಮ್ಮನ ಇರು."

ಹಾಲಸ್ವಾಮಿಗೆ ಮೊದಲ ಸಲ ಸಿಟ್ಟು ಬಂತು. ಕದಿಯದಿದ್ದಾಗ ನಂಬಿದ ಲೋಕ ಕದ್ದಾಗ ನಂಬುತ್ತಿಲ್ಲವಲ್ಲ. "ಕ್ಯಾಲೆಂಡರಿನ ಹಿಂದಿನ ಕೀಲಿ ತಗೊಂಡು, ಕೆಳಗಿನ ಡ್ರಾಯರು ತೆಗದೀನಿ. ನೀಲಿ ಫೈಲು, ಮ್ಯಾಲ ರಬ್ಬರ್ ಬ್ಯಾಂಡು ಎರಡು. ಕಾವ್ಯಾಂದು ಕಾವ್ಯಾಗ ಕೊಟ್ಟೀನಿ. ಆಕಿ ಕೇಳಿಲ್ಲ, ನಾನಾ ಕೊಟ್ಟೀನಿ."

ರಾಯರು ಈಗ ತಿರುಗಿದರು. ಪೊಲೀಸರ ಮಾತು ಬಾಯಿಯವರೆಗೆ ಬಂದಿತ್ತು. ಹುಡುಗಿಯ ಮಾರ್ಕ್ಸ್‌ಕಾರ್ಡು ನಿಮ್ಮ ಡ್ರಾಯರಿನಲ್ಲಿ ಯಾಕಿತ್ತು ಎಂದು ಪೊಲೀಸರೇ ಕೇಳಿಯಾರೆಂದು ಅದನ್ನು ನುಂಗಿಕೊಂಡರು. ತಮ್ಮ ಮುಖ ಬಿಸಿಯಾದದ್ದು ಅವರಿಗೇ ತಿಳಿದಿರಬೇಕು, ಕರ್ಚೀಫು ತೆಗೆದು ಒರೆಸಿಕೊಂಡು ಒಳಗೆ ಹೋದರು. ನಾಲ್ಕು ದಿನ ಅವನೊಡನೆ ಮಾತಾಡಲಿಲ್ಲ. ಐದನೇ ದಿನ, "ಎರಡನೇ ಮಹಡಿಯಾಗ ನಲ್ಲಿ ಸೋರತೈತಿ, ನೋಡು" ಎಂದರು. ಕೀಲಿಯ ಜಾಗ ಬದಲಾಗಿತ್ತು. ಕಾವ್ಯಳ ಜಾಗಕ್ಕೆ ಬಂದ ಹುಡುಗನಿಂದ ಮಾತ್ರ ಅವರು ಜೆರಾಕ್ಸ್ ಪ್ರತಿಯನ್ನಷ್ಟೇ ಇಸಿದುಕೊಂಡರು.

ಕಾವ್ಯಳಿಗೆ ಕೆಲಸವಾಯಿತು. ಸುವರ್ಣಮ್ಮನಿಗೆ ಫೋನು ಮಾಡಿ ಅರ್ಧ ಗಂಟೆ ಮಾತಾಡಿದಳು. ಗಂಡ ಮಾಡಿದ ಕೆಲಸ ಸುವರ್ಣಮ್ಮನಿಗೆ ತಿಳಿದದ್ದು ಹಾಗೆ. ಅವಳು ಬೈಯಲಿಲ್ಲ. ಊಟಕ್ಕೆ ಕೂತಾಗ, "ಕೀಲಿ ತಗೊಳ್ಳುವಾಗ ಅಂಜಿಕಿ ಆಗಲಿಲ್ಲೇನು ನಿನಗ?" ಎಂದು ಕೇಳಿದಳು.

"ಇಲ್ಲ ನೋಡು" ಎಂದು ಹಾಲಸ್ವಾಮಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಒಂಚೂರೂ ಆಗಲಿಲ್ಲ. ಇದು ಆಕಿದಾ ಐತಿ, ಆಕಿಗೆ ಕೊಡ್ತೀನಿ ಅಂತ ಮನಸ್ಸು ಮೊದಲಾ ಹೇಳಿಬಿಟ್ಟಿತ್ತು. ಯಲ್ಲೇಶನ ಮುಖ ನೋಡದಿದ್ರ ಹಂಗಾ ಮನಿಗೆ ಬಂದು ಮಲಗತಿದ್ದೆ. ಅದನ್ನ ನೆನಸಿಕೊಂಡ್ರ ಈಗ ಅಂಜಿಕಿ ಬರ್ತೈತಿ."

ಸುವರ್ಣಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಬಡಿಸಿ, "ಉಣ್ಣು, ಆರತೈತಿ" ಎಂದಳು.