ಧೌಲಿಯ ಕಣ್ಣು

ಲಾಹೋರಿನ ಬಾದಶಾಹಿ ಚಿತ್ರಶಾಲೆಯಲ್ಲಿ ಒಂದು ಚಿತ್ರಕ್ಕೆ ಮೂವರ ಕೈ. ಗೆರೆ ನನ್ನದು, ಮುಖ ನಿಸಾರ್ ಮಿಯಾರದು. ಮಿಕ್ಕ ದನ, ಕತ್ತೆ, ಕುರಿಯೆಲ್ಲ ಮಕ್ಖನನದು. ಚಿತ್ರ ಮುಗಿದ ಮೇಲೆ ಗುಮಾಸ್ತ ಅಂಚಿನಲ್ಲಿ ನಮ್ಮಿಬ್ಬರ ಹೆಸರು ಬರೆಯುತ್ತಿದ್ದ. ದನ ಬರೆದವನ ಹೆಸರು ಯಾರಿಗೆ ಬೇಕು?

ಇಪ್ಪತ್ತೆರಡು ವರ್ಷ ಮಕ್ಖನ ಇದೊಂದಕ್ಕೇ ಕೊರಗಿದ. "ಸಾಯೋದ್ರೊಳಗೆ ಒಂದ್ಸಲ ಅಂಚಲ್ಲಿ ನನ್ನ ಹೆಸರು ಬರಬೇಕು ಕಣಣ್ಣ."

"ಓದೋಕೆ ಬರುತ್ತೇನೋ ನಿಂಗೆ?"

"ನೀನು ತೋರಿಸು, ನಾನು ನೋಡ್ತೀನಿ."

ಆ ವರ್ಷ ಗೋವೆಯಿಂದ ಪಾದ್ರಿಯೊಬ್ಬರು ಬಂದು, ತಾಯಿ ಮರಿಯಮ್ಮ ಮತ್ತು ಅವಳ ಕೂಸು ಇರುವ ಅಚ್ಚಿನ ಹಾಳೆ ಕೊಟ್ಟು, ಅದನ್ನು ನೋಡಿ ಹೊಸ ಚಿತ್ರ ಬರೆದುಕೊಡಿ ಎಂದರು. ಭಕ್ತರು ಕಣ್ಣಿಗೊತ್ತಿಕೊಂಡೂ ಒತ್ತಿಕೊಂಡೂ ತಾಯಿಯ ಮುಖವೇ ಅಳಿಸಿಹೋಗಿತ್ತು. ನಾನು ಗೆರೆ ಎಳೆದುಕೊಟ್ಟೆ. ಅಷ್ಟರಲ್ಲಿ ನಿಸಾರ್ ಮಿಯಾ ಖರಬೂಜ ಅತಿಯಾಗಿ ತಿಂದು, ಚೊಂಬು ಹಿಡಿದು ಓಡಾಡುತ್ತಿದ್ದರು.

"ಮುಖ ನೀನೇ ಬರಿ," ಎಂದರು ಮಕ್ಖನನಿಗೆ ಚಿತ್ರಶಾಲೆಯ ಮುಖ್ಯಸ್ಥ ದಾರೋಗಾ. "ಪಾದ್ರಿ ಒಪ್ಪಿದ್ರೆ ಹೆಸರು. ಇಲ್ದಿದ್ರೆ ಕತ್ತೆ ಬರ್ಕೊಂಡಿರು."

ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಮುಗಿದ ಚಿತ್ರ ನೋಡಿದೆ. ಎಂಥ ಕಣ್ಣು! ಎಲ್ಲೋ ನೋಡಿದ್ದೇನೆ ಅನ್ನಿಸಿತು. ಆಮೇಲೆ ಹೊಳೆಯಿತು. ಮಕ್ಖನನ ಹಿತ್ತಿಲಲ್ಲಿರುವ ಬಿಳಿ ಹಸು ಧೌಲಿ! ಹೋದ ತಿಂಗಳು ಕರು ಹಾಕಿದಾಗ ಹೀಗೇ ನೋಡುತ್ತಾ ನಿಂತಿದ್ದಳು.

ಪಾದ್ರಿ ಬಂದರು, ಚಿತ್ರ ನೋಡಿ ಕಣ್ಣು ಒರೆಸಿಕೊಂಡರು. "ಯಾರಪ್ಪ ಈ ತಾಯಿ? ನಿನ್ನ ಹೆಂಡತೀನಾ?"

ನಾನು ಮಕ್ಖನನ ಕಾಲು ತುಳಿದೆ. ಹೂಂ ಅಂದುಬಿಟ್ಟರೆ ಮುಗಿಯಿತಲ್ಲ!

"ಅಯ್ಯೋ, ಅವಳಿಗೆಲ್ಲಿಂದ ಬರ್ಬೇಕು ಈ ಕಣ್ಣು?" ಎಂದ ಪುಣ್ಯಾತ್ಮ. "ಇದು ನಮ್ಮ ಹಸೂದು ಸ್ವಾಮಿ."

ದಾರೋಗಾರ ಮುಖ ಸುಣ್ಣವಾಯಿತು. ಹೋಯ್ತು, ಅವನ ಹೆಸರಿನ ಜೊತೆ ನನ್ನದೂ ಹೋಯ್ತು ಅಂದುಕೊಂಡೆ.

ಪಾದ್ರಿ ಬಗ್ಗಿ ಆ ಕಣ್ಣನ್ನು ಮತ್ತೊಮ್ಮೆ ನೋಡಿದರು. "ನಮ್ಮ ಸ್ವಾಮಿ ಹುಟ್ಟಿದ್ದು ಕೊಟ್ಟಿಗೇಲಿ," ಎಂದರು. "ತಾಯಿ ಪಕ್ಕದಲ್ಲಿ ಇದ್ದಿದ್ದು ದನಗಳೇ. ಈ ಕಣ್ಣು ಹೀಗೇ ಇರಲಿ."

ಗುಮಾಸ್ತ ಗೊಣಗುತ್ತಲೇ ಬರೆದ: ಚಹರೆ, ಮಕ್ಖನ.

ನಾನು ಮಕ್ಖನನ ಬೆರಳು ಹಿಡಿದು ಅಕ್ಷರದ ಮೇಲಿಟ್ಟೆ. ಹಸಿ ಮಸಿ ಅಂದರೂ ಕೇಳದೆ ಮೂರು ಸಲ ಸವರಿದ. ಆಮೇಲೆ ಅಂಚನ್ನೆಲ್ಲ ಆ ತುದಿಯಿಂದ ಈ ತುದಿಯವರೆಗೆ ಹುಡುಕಿದ.

"ಇನ್ನೇನೋ ಬೇಕು ನಿಂಗೆ?"

"ಧೌಲಿ ಹೆಸರು ಎಲ್ಲಿ ಬರ್ದಿದ್ದಾರಣ್ಣ?"